ಲೋಕೋ ಬಾಯ್ಲರಿನ ವಾಷ್‌ಔಟ್ ಪ್ಲಗ್‌ಗೆ ಯಾವ ತ್ರೆಡ್ ಹಾಕೋದು: ಟೇಪರ್ರೋ, ಪ್ಯಾರಲಲ್ಲೋ?

ಕೊಡಗಲ್ಲಿ ರೈಲು ಹಳಿ ಇಲ್ಲ, ಹತ್ರದ ಸ್ಟೇಷನ್ ಅಂದ್ರೆ ಒಂದೋ ಮೈಸೂರು ಇಲ್ಲಾ ಘಟ್ಟ ಇಳಿದು ಸುಬ್ರಹ್ಮಣ್ಯ ರೋಡ್. ಆದ್ರೂ ಸ್ಟೀಮ್ ಎಂಜಿನ್ ಹುಚ್ಚಿರೋರು ಇಲ್ಲಿ ಕಮ್ಮಿ ಏನಿಲ್ಲ, ಕುಶಾಲನಗರ, ಗೋಣಿಕೊಪ್ಪ ಕಡೆ ಮನೆ ಹಿಂದಿನ ಶೆಡ್ಡಲ್ಲಿ ಒಂದು ಲೇತ್ ಇಟ್ಕೊಂಡು 5 ಇಂಚು ಗೇಜಿನ (ಹಳಿಗಳ ಮಧ್ಯೆ 5 ಇಂಚು ಅಂತರ) ಮಾಡೆಲ್ ಲೋಕೋ ಕಟ್ಟೋಕೆ ಹೊರಟವರು ಇದ್ದಾರೆ, ಹಳೇ ಪೋರ್ಟಬಲ್ ಎಂಜಿನ್ ಎಲ್ಲಾದ್ರೂ ಸಿಕ್ರೆ ತಂದು ಮತ್ತೆ ಉಸಿರಾಡಿಸೋಣ ಅಂತ ಆಸೆ ಇಟ್ಕೊಂಡವರೂ ಇದ್ದಾರೆ (ಅದರ ಬಾಯ್ಲರೂ ಲೋಕೋ ಟೈಪೇ, ಬೆಂಕಿ ಉರಿಯೋ ಅದೇ ಫೈರ್‌ಬಾಕ್ಸು, ಹೊಗೆ ಹೋಗೋ ಅದೇ ಟ್ಯೂಬು). ಇವರೆಲ್ಲಾ ಕೊನೆಗೆ ಬಂದು ಸಿಕ್ಕಿ ಹಾಕ್ಕೊಳ್ಳೋದು ಒಂದೇ ಜಾಗದಲ್ಲಿ. ಬಾಯ್ಲರ್ ತೊಳೆಯೋ ತೂತಿಗೆ ಹಾಕೋ ಪ್ಲಗ್‌ಗೆ, ಅಂದ್ರೆ ವಾಷ್‌ಔಟ್ ಪ್ಲಗ್‌ಗೆ, ಯಾವ ತ್ರೆಡ್ ಇರ್ಬೇಕು: ತುದಿ ಕಡೆ ಸಣ್ಣಗಾಗ್ತಾ ಹೋಗೋ ಟೇಪರ್ರೋ, ಉದ್ದಕ್ಕೂ ಒಂದೇ ವ್ಯಾಸದ ಪ್ಯಾರಲಲ್ಲೋ?

ಅಂಗಡಿಲಿ ಸಿಗೋ ಪ್ಲಗ್ ತಂದು ತಿರುಗಿಸಿ ಕೂರಿಸಿದ್ರೆ ಆಯ್ತಲ್ಲ ಅನ್ಸುತ್ತೆ, ಮೊದಲ ದಿನ ಸೋರೋದೂ ಇಲ್ಲ. ಆದ್ರೆ ವಾಷ್‌ಔಟ್ ಪ್ಲಗ್ ಅಂದ್ರೆ ಒಂದ್ಸಲ ಹಾಕಿ ಮರೆಯೋ ಪ್ಲಗ್ ಅಲ್ವಲ್ಲ, ಬಾಯ್ಲರಿನ ಆಯಸ್ಸು ಪೂರ್ತಿ ಬಿಚ್ಚಿ ಹಾಕಿ ಬಿಚ್ಚಿ ಹಾಕಿ ಮಾಡ್ತಾನೇ ಇರ್ಬೇಕು. ಹಾಗಾಗಿ ತ್ರೆಡ್ ಆರಿಸುವಾಗ ನೋಡಬೇಕಾದ್ದು ಇಪ್ಪತ್ತು ಮೂವತ್ತು ಸಲ ಬಿಚ್ಚಿದ ಮೇಲೆ ಪ್ಲೇಟಿನ ಆ ತೂತು ಯಾವ ಸ್ಥಿತಿಲಿರುತ್ತೆ ಅಂತ. ಪ್ಲಗ್ ಹಾಳಾದ್ರೆ ಲೇತಲ್ಲಿ ಇನ್ನೊಂದು ಮಾಡ್ಕೋಬಹುದು, ಪ್ಲೇಟ್ ಹಾಳಾದ್ರೆ ಎಲ್ಲಿಗೆ ಹೋಗ್ತೀರಿ? ಇದೊಂದು ಲೆಕ್ಕ ತಲೇಲಿ ಇಟ್ಕೊಂಡೇ ಮುಂದಿಂದೆಲ್ಲಾ ಓದಿ.

ತೊಳೆಯೋದು ಯಾಕೆ ಇಷ್ಟು ಮುಖ್ಯ

ನೀರು ಆವಿಯಾಗಿ ಹೋಗುತ್ತೆ, ಅದರಲ್ಲಿದ್ದ ಸುಣ್ಣ, ಮಣ್ಣು, ಕಬ್ಬಿಣದ ಕೆಂಪು ಗಸಿ ಎಲ್ಲಾ ಬಾಯ್ಲರ್ ಒಳಗೇ ಉಳಿಯುತ್ತೆ. ಅದು ಮೊದ್ಲು ಹೋಗಿ ಕೂರೋದು ಫೈರ್‌ಬಾಕ್ಸ್ ಸುತ್ತ ಕೆಳಗೆ ನೀರಿನ ಸಂದನ್ನ ಮುಚ್ಚೋ ಫೌಂಡೇಶನ್ ರಿಂಗ್ ಮೇಲೆ, ನಾಲ್ಕು ಮೂಲೇಲಿ. ಅದಕ್ಕೇ ದೊಡ್ಡ ಎಂಜಿನ್‌ಗಳಲ್ಲಿ ಆ ಮೂಲೆಗಳಲ್ಲಿ, ಕ್ರೌನ್ ಶೀಟ್ (ಫೈರ್‌ಬಾಕ್ಸಿನ ಚಾವಣಿ) ಎತ್ತರಕ್ಕೆ ಪಕ್ಕದಲ್ಲಿ, ಮುಂದೆ ಹೊಗೆ ಸೇರೋ ಸ್ಮೋಕ್‌ಬಾಕ್ಸ್ ಕಡೆಯ ಟ್ಯೂಬ್ ಪ್ಲೇಟಲ್ಲಿ ಪ್ಲಗ್ ಇರ್ತವೆ. ಪ್ಲಗ್ ಬಿಚ್ಚಿ ಹೋಸ್ ಪೈಪಲ್ಲಿ ಜೋರು ನೀರು ಬಿಟ್ಟು ಸಲಾಕೆ ಹಾಕಿ ಕೆದಕಿ ತೊಳೀತಾರೆ.

ನಮ್ಮಲ್ಲಿ ಮಳೆಗಾಲದ ತೋಡಿನ ನೀರು ನೋಡಿದ್ರೆ ಗೊತ್ತಲ್ಲ, ಕಕ್ಕಡದಲ್ಲಿ ಅದು ನೀರೋ ಕಾಫಿಯೋ ಹೇಳೋಕಾಗಲ್ಲ, ಅದನ್ನ ಸೋಸದೇ ಬಾಯ್ಲರಿಗೆ ಹಾಕಿದ್ರೆ ಕೆಸರು ಗ್ಯಾರಂಟಿ. ಬೋರ್‌ವೆಲ್ ನೀರಾದ್ರೆ ಕೆಸರಿಲ್ಲ ಆದ್ರೆ ಗಡಸು ಇದ್ರೆ ಕಲ್ಲಿನಂಥ ಸ್ಕೇಲ್ ಕಟ್ಟುತ್ತೆ.

ಅಮೆರಿಕಾದಲ್ಲಿ 1995ರ ಜೂನ್ 16ಕ್ಕೆ ಪೆನ್ಸಿಲ್ವೇನಿಯಾದ ಗೆಟಿಸ್‌ಬರ್ಗ್ ರೈಲ್ರೋಡಿನ 1278 ನಂಬರ್ ಎಂಜಿನ್ನಿನ ಕ್ರೌನ್ ಶೀಟ್ ಕುಸಿದು ಎಂಜಿನ್ ಮೇಲಿದ್ದ ಮೂವರು ಸುಟ್ಟುಕೊಂಡ್ರು. ಕಾರಣ ಬಾಯ್ಲರಲ್ಲಿ ನೀರು ಕಮ್ಮಿಯಾಗಿದ್ದು, ಜೊತೆಗೆ ನೀರಿನ ಮಟ್ಟ ತೋರಿಸೋ ವಾಟರ್ ಗ್ಲಾಸಿನ ದಾರಿಲಿ ಸ್ಕೇಲ್ ಕಟ್ಟಿತ್ತು ಅಂತ ತನಿಖೆಲಿ ಸಿಕ್ತು. ಆಮೇಲೆ ಅಲ್ಲಿನ ಸ್ಟೀಮ್ ಎಂಜಿನ್ ನಿಯಮಗಳನ್ನೇ ಹೊಸದಾಗಿ ಬರೆದ್ರು. ಆ ನಿಯಮದ ಪ್ರಕಾರ ಎಂಜಿನ್ ಕೆಲಸ ಮಾಡಿದ ದಿನಗಳ ಲೆಕ್ಕದಲ್ಲಿ ಹೆಚ್ಚಂದ್ರೆ 31 ದಿನಕ್ಕೊಮ್ಮೆ ಬಾಯ್ಲರ್ ತೊಳೀಲೇಬೇಕು, ತೊಳೆಯುವಾಗ ಎಲ್ಲಾ ವಾಷ್‌ಔಟ್ ಪ್ಲಗ್ಗೂ ಬಿಚ್ಚಲೇಬೇಕು, ಸುಲಭಕ್ಕೆ ಕೈಗೆ ಸಿಗೋ ಎರಡು ಮಾತ್ರ ಬಿಚ್ಚಿ ಮುಗಿಸಂಗಿಲ್ಲ.

ಸ್ಟೆಪ್ 1: ಮೊದ್ಲು ಇರೋ ತೂತನ್ನ ಓದಿ

ಹಳೇ ಬಾಯ್ಲರ್ ಆದ್ರೆ ನೀವು ತ್ರೆಡ್ ಆರಿಸೋದಲ್ಲ, ಆಗ್ಲೇ ಯಾರೋ ಆರಿಸಿಟ್ಟಿರ್ತಾರೆ, ಅದೇನು ಅಂತ ಕಂಡುಹಿಡಿಯೋದು ನಿಮ್ಮ ಕೆಲಸ. ಇದಕ್ಕೆ ಬೇಕಾದ್ದು ಒಂದು ವರ್ನಿಯರ್, 55 ಡಿಗ್ರಿ ಮತ್ತು 60 ಡಿಗ್ರಿ (ತ್ರೆಡ್ ಹಲ್ಲಿನ ಕೋನ) ಎರಡೂ ಇರೋ ತ್ರೆಡ್ ಗೇಜು, ಒಂದು ವೈರ್ ಬ್ರಷ್, ಸ್ವಲ್ಪ ಡೀಸೆಲ್.

ಪ್ಲಗ್ಗನ್ನ ಡೀಸೆಲಲ್ಲಿ ನೆನೆಸಿ ಬ್ರಷ್ ಹಾಕಿ ಉಜ್ಜಿ. ತ್ರೆಡ್ ಬುಡದಲ್ಲಿರೋ ಬಿಳಿ ಸ್ಕೇಲ್ ಪೂರ್ತಿ ಹೋಗೋವರೆಗೂ ಅಳತೆ ಮಾಡಬೇಡಿ, ಆ ಸ್ಕೇಲ್ ಮೇಲೆ ಗೇಜ್ ಕೂತ್ರೆ ಎಲ್ಲಾ ಗೇಜೂ ಸರಿ ಅನ್ಸುತ್ತೆ. ಆಮೇಲೆ ಒಂದು ಇಂಚಿಗೆ ಎಷ್ಟು ತ್ರೆಡ್ ಎಣಿಸಿ. 11 ಬಂದ್ರೆ ಬಿಎಸ್‌ಪಿ (ಬ್ರಿಟಿಷ್ ಪೈಪ್ ತ್ರೆಡ್) ಕುಟುಂಬ ಇರಬಹುದು, ಹನ್ನೊಂದೂವರೆ ಬಂದ್ರೆ ಎನ್‌ಪಿಟಿ (ಅಮೆರಿಕಾದ ಟೇಪರ್ ಪೈಪ್ ತ್ರೆಡ್), 12 ಬಂದ್ರೆ ಅಮೆರಿಕಾ ಕಡೆಯ ಲೋಕೋ ಶಾಪ್‌ಗಳ ಬಾಯ್ಲರ್ ಟ್ಯಾಪಿನ (ತೂತಿಗೆ ತ್ರೆಡ್ ಕೊರೆಯೋ ಟೂಲ್) ಲೆಕ್ಕ.

ಟೇಪರ್ ಎಷ್ಟಿದೆ ನೋಡೋಕೆ ಸುಲಭದ ದಾರಿ: ಪ್ಲಗ್ ಮೇಲೆ 16 ಎಂಎಂ ಅಂತರದಲ್ಲಿ ಎರಡು ಕಡೆ ಮಾರ್ಕರಲ್ಲಿ ಗೆರೆ ಎಳೀರಿ, ಎರಡೂ ಕಡೆ ವ್ಯಾಸ ಅಳೀರಿ. ವ್ಯತ್ಯಾಸ 1 ಎಂಎಂ ಬಂದ್ರೆ ಟೇಪರ್ 16ಕ್ಕೆ 1, ಅಂದ್ರೆ ಅಡಿಗೆ ಮುಕ್ಕಾಲು ಇಂಚು. ಬಿಎಸ್‌ಪಿಟಿ (ಬಿಎಸ್‌ಪಿಯ ಟೇಪರ್ ರೂಪ), ಎನ್‌ಪಿಟಿ ಎರಡರ ಟೇಪರೂ ಇದೇ. 2 ಎಂಎಂ ಬಂದ್ರೆ 8ಕ್ಕೆ 1, ಇದು ಪೈಪ್ ತ್ರೆಡ್ ಅಲ್ಲ, ಇಂಥದ್ದಕ್ಕೆ ಅಂಗಡಿ ಟ್ಯಾಪ್ ತಂದು ಹಾಕ್ಬೇಡಿ. ವ್ಯತ್ಯಾಸವೇ ಇಲ್ಲ ಅಂದ್ರೆ ಪ್ಯಾರಲಲ್.

ಪ್ಲಗ್ಗೇ ಇಲ್ಲ, ಬರೀ ತೂತು ಇದೆ ಅಂದ್ರೆ ಅಚ್ಚು ತೆಗೀಬೇಕು. ತೂತಿನ ತ್ರೆಡ್ ಚೆನ್ನಾಗಿ ಒರೆಸಿ ಗ್ರೀಸ್ ಸವರಿ, ಒಳಗಿನ ಕಡೆ ಒಂದು ಬಟ್ಟೆ ಉಂಡೆ ತುರುಕಿ, ಮೇಲಿಂದ ಎಂ-ಸೀಲ್ ಕಲಸಿ ಒತ್ತಿ, ಮಧ್ಯೆ ಒಂದು ಬೋಲ್ಟ್ ಚುಚ್ಚಿಡಿ, ಗಟ್ಟಿಯಾದ ಮೇಲೆ ಆ ಬೋಲ್ಟ್ ಹಿಡಿದು ತಿರುಗಿಸಿ ಬಿಚ್ಚಿ. ಬಟ್ಟೆ ಉಂಡೆಗೆ ಮೊದ್ಲೇ ದಾರ ಕಟ್ಟಿ ತುದಿ ಹೊರಗೆ ಬಿಟ್ಟಿರ್ಬೇಕು, ಇಲ್ಲಾಂದ್ರೆ ಅದು ಬಾಯ್ಲರ್ ಒಳಗೆ ಬಿದ್ದು ಆಮೇಲೆ ಇನ್ನೊಂದು ತೂತಿಂದ ತಂತಿ ಹಾಕಿ ಹುಡುಕ್ತಾ ಕೂರ್ಬೇಕಾಗುತ್ತೆ. ಆ ಅಚ್ಚಿನ ಮೇಲೆ ಗೇಜ್ ಇಟ್ರೆ ತೂತಲ್ಲಿರೋ ತ್ರೆಡ್ ಎಷ್ಟು ಸವೆದಿದೆ, ಎಲ್ಲಿ ತುಂಡಾಗಿದೆ ಅದೂ ಕಾಣುತ್ತೆ.

ಇನ್ನೊಂದು ಮಾತು ಇಲ್ಲೇ ಹೇಳ್ಬಿಡ್ತೀನಿ. ಕ್ರೌನ್ ಶೀಟಿಗೆ, ಅಂದ್ರೆ ಬೆಂಕಿಯ ನೆತ್ತಿ ಮೇಲೆ ಇರೋ ಪ್ಲಗ್ ವಾಷ್‌ಔಟ್ ಪ್ಲಗ್ ಅಲ್ಲ, ಅದು ಫ್ಯೂಸಿಬಲ್ ಪ್ಲಗ್, ಮಧ್ಯೆ ಬೇಗ ಕರಗೋ ಲೋಹ ತುಂಬಿರ್ತಾರೆ, ನೀರು ಕಮ್ಮಿಯಾದ್ರೆ ಅದು ಕರಗಿ ಆವಿ ಬೆಂಕಿ ಮೇಲೆ ಬಂದು ಎಚ್ಚರಿಸ್ಬೇಕು. ತ್ರೆಡ್ ಒಂದೇ ಇದೆ ಅಂತ ಆ ಜಾಗಕ್ಕೆ ಸಾದಾ ಪ್ಲಗ್ ಹಾಕಿದ್ರೆ ಎಚ್ಚರಿಕೆ ಗಂಟೆ ಬಿಚ್ಚಿ ಇಟ್ಟ ಹಾಗೆ.

ಸ್ಟೆಪ್ 2: ಪ್ಲೇಟ್ ದಪ್ಪಕ್ಕೆ ಎಷ್ಟು ತ್ರೆಡ್ ಸಿಗುತ್ತೆ ಎಣಿಸಿ

ಕನಿಷ್ಠ ನಾಲ್ಕು ಪೂರ್ತಿ ತ್ರೆಡ್ ಹಿಡಿದಿರ್ಬೇಕು ಅಂತ ಇಟ್ಕೊಳ್ಳಿ, ಅದಕ್ಕಿಂತ ಕಮ್ಮಿ ನಾನಂತೂ ಒಪ್ಪಲ್ಲ. 11 ಟಿಪಿಐ (ಇಂಚಿಗೆ 11 ತ್ರೆಡ್) ಆದ್ರೆ ಒಂದು ತ್ರೆಡ್ಡಿಗೆ 2.31 ಎಂಎಂ, ನಾಲ್ಕಕ್ಕೆ ಸುಮಾರು ಒಂಬತ್ತೂಕಾಲು ಎಂಎಂ ಬೇಕು. 12 ಎಂಎಂ ಪ್ಲೇಟಲ್ಲಿ ಐದು ಸಿಗುತ್ತೆ, ಸಾಕು. 8 ಎಂಎಂ ಪ್ಲೇಟಲ್ಲಿ ಮೂರೂವರೆ, ಸಾಲದು. ಅದೇ 8 ಎಂಎಂನಲ್ಲಿ 14 ಟಿಪಿಐ ಹಾಕಿದ್ರೆ ಒಂದಕ್ಕೆ 1.81 ಎಂಎಂ, ನಾಲ್ಕು ಚಿಲ್ಲರೆ ಬರುತ್ತೆ. ತೆಳು ಪ್ಲೇಟಿಗೆ ಸಣ್ಣ ಪಿಚ್ (ಒಂದು ತ್ರೆಡ್ಡಿಂದ ಇನ್ನೊಂದಕ್ಕಿರೋ ಅಂತರ) ಅಂತ ಹೇಳೋದು ಇದಕ್ಕೇ. ಸಣ್ಣ ಪಿಚ್ಚಿನ ತ್ರೆಡ್ ಆಳವೂ ಕಮ್ಮಿ, 11 ಟಿಪಿಐ ವಿಟ್‌ವರ್ತ್ (55 ಡಿಗ್ರಿ ಕೋನದ ಬ್ರಿಟಿಷ್ ಆಕಾರ) ತ್ರೆಡ್ ಸುಮಾರು 1.48 ಎಂಎಂ ಆಳ ಕೊರೆದ್ರೆ 14 ಟಿಪಿಐ 1.16 ಮಾತ್ರ ಕೊರೆಯುತ್ತೆ, ಪ್ಲೇಟ್ ಅಷ್ಟು ಉಳೀತು.

ಹಾಗಂತ 40 ಟಿಪಿಐ ಹಾಕೋಣ ಅಂತ ಹೋಗ್ಬೇಡಿ. ತುಂಬಾ ಸಣ್ಣ ತ್ರೆಡ್ಡಲ್ಲಿ ಒಂದು ಚೂರು ಸ್ಕೇಲ್ ಸಿಕ್ಕಿಕೊಂಡ್ರೂ ಕ್ರಾಸ್ ತ್ರೆಡ್ ಆಗುತ್ತೆ, ಅದೂ ಎಂಜಿನ್ ಕೆಳಗೆ ಅಂಗಾತ ಮಲ್ಕೊಂಡು ಕೈ ಅಂದಾಜಲ್ಲಿ ಪ್ಲಗ್ ಹಾಕೋವಾಗ.

ಮೂಲೆ ತೂತುಗಳಲ್ಲಿ ಹುಷಾರು. ಪ್ಲೇಟ್ ಅಲ್ಲಿ ಬಾಗಿರುತ್ತಲ್ಲ, ಒಂದು ಪಕ್ಕ ಐದು ತ್ರೆಡ್ ಇದ್ರೆ ಎದುರು ಪಕ್ಕ ಮೂರೇ ಇರುತ್ತೆ. ಎಣಿಸುವಾಗ ಕಮ್ಮಿ ಇರೋ ಪಕ್ಕವನ್ನೇ ಲೆಕ್ಕಕ್ಕೆ ಹಿಡೀರಿ. ಸಾಲದಿದ್ರೆ ಪ್ಯಾಡ್ (ದಪ್ಪ ತುಂಡು) ಅಥವಾ ಬುಷ್ (ಒಳಗೆ ತ್ರೆಡ್ ಇರೋ ದಪ್ಪ ಉಂಗುರ) ಕೂರಿಸ್ಬೇಕು, ಅದು ಬೆಸುಗೆ ಕೆಲಸ, ಕಾನೂನಿನ ವ್ಯಾಪ್ತಿಗೆ ಬರೋ ಬಾಯ್ಲರ್ ಆದ್ರೆ ಸರ್ಟಿಫಿಕೇಟ್ ಇರೋ ಬಾಯ್ಲರ್ ವೆಲ್ಡರೇ ಮಾಡ್ಬೇಕು, ಗೇಟು ಗ್ರಿಲ್ ಮಾಡೋ ನಮ್ಮ ದೋಸ್ತ್ ಎಷ್ಟೇ ಚೆನ್ನಾಗಿ ವೆಲ್ಡ್ ಮಾಡ್ಲಿ, ಇದು ಅವನ ಕೆಲಸ ಅಲ್ಲ.

ಇಷ್ಟೆಲ್ಲಾ ಯಾಕೆ ಅಂದ್ರೆ ಒಂದು ಲೆಕ್ಕ ನೋಡಿ. ನಮ್ಮ ರೈಲ್ವೇಲಿ ಓಡ್ತಿದ್ದ ಡಬ್ಲ್ಯೂಪಿ ಎಂಜಿನ್ ಬಾಯ್ಲರ್ ಪ್ರೆಶರ್ 210 ಪಿಎಸ್‌ಐ. ಆ ಪ್ರೆಶರಲ್ಲಿ ಒಂದೂವರೆ ಇಂಚು ಬಿಎಸ್‌ಪಿ ಅಳತೆಯ, ಅಂದ್ರೆ 47.8 ಎಂಎಂ ವ್ಯಾಸದ ಪ್ಲಗ್ ಮೇಲೆ ಒಳಗಿಂದ ಬೀಳೋ ತಳ್ಳು ಸುಮಾರು 265 ಕೆಜಿ. ಐದು 50 ಕೆಜಿ ಕಾಫಿ ಮೂಟೆ ಒಂದು ಪ್ಲಗ್ ಮೇಲೆ ಕೂತಿವೆ ಅಂದ್ಕೊಳ್ಳಿ, ಅದೂ ದಿನಾ ಪೂರ್ತಿ.

ಸ್ಟೆಪ್ 3: ಟೇಪರ್ ಅಥವಾ ಪ್ಯಾರಲಲ್ ತೀರ್ಮಾನ ಮಾಡಿ

ಟೇಪರ್ ಪ್ಲಗ್ ಸೀಲ್ ಆಗೋದು ತ್ರೆಡ್ ಮೇಲೇನೇ, ಬಿಗಿ ಮಾಡಿದಷ್ಟೂ ತೂತಿನ ಗೋಡೆಗೆ ಒತ್ತಿಕೊಳ್ಳುತ್ತೆ. ವಾಷರ್ ಬೇಡ. ಇದರ ದೊಡ್ಡ ಗುಣ ಏನಂದ್ರೆ ಸವೆದಾಗ ಪ್ಲಗ್ ಇನ್ನೂ ಸ್ವಲ್ಪ ಒಳಗೆ ಹೋಗಿ ಮತ್ತೆ ಹಿಡ್ಕೊಳ್ಳುತ್ತೆ, ಅದೂ ಮುಗೀತು ಅಂದ್ರೆ ಅದೇ ಟೇಪರ್ ಟ್ಯಾಪನ್ನ ಇನ್ನೊಂದೆರಡು ಸುತ್ತು ಒಳಗೆ ಹಾಕಿ ಹೊಸ ಲೋಹ ತೆಗೆದು ಒಂದು ಸೈಜ್ ದೊಡ್ಡ ಪ್ಲಗ್ ಮಾಡಿ ಹಾಕ್ಬಹುದು. ಲೋಕೋ ಶೆಡ್‌ಗಳು ದೊಡ್ಡ ಎಂಜಿನ್‌ಗಳಿಗೆ ಟೇಪರೇ ಹಿಡ್ಕೊಂಡಿದ್ದಕ್ಕೆ ಇದೇ ಕಾರಣ, ಓವರ್‌ಸೈಜ್ ಪ್ಲಗ್‌ಗಳನ್ನ ಸಾಲಾಗಿ ಮಾಡಿಟ್ಕೊಂಡಿರ್ತಿದ್ರು.

ಪ್ಯಾರಲಲ್ ಪ್ಲಗ್ಗಲ್ಲಿ ತ್ರೆಡ್ ಹಿಡಿದಿಡುತ್ತೆ ಅಷ್ಟೇ, ಸೀಲ್ ಮಾಡೋದು ತಲೆ ಕೆಳಗಿನ ತಾಮ್ರದ ವಾಷರ್. ಅದಕ್ಕೆ ತೂತಿನ ಸುತ್ತ ಚಪ್ಪಟೆಯಾದ, ತ್ರೆಡ್ಡಿಗೆ ನೇರ ಲಂಬವಾದ ಸೀಟ್ ಬೇಕು. ಬಾಗಿದ ಪ್ಲೇಟಲ್ಲಿ ಅದು ಸಿಗಲ್ಲ, ಆದ್ರೆ ಬುಷ್ ಇದ್ರೆ ಲೇತಲ್ಲೇ ಸೀಟ್ ಮಾಡ್ಬಹುದು. ಮಾಡೆಲ್ ಬಾಯ್ಲರುಗಳಿಗೆ ಪ್ಯಾರಲಲ್ ಸರಿಹೋಗೋದು ಇದಕ್ಕೇ, ಅಲ್ಲಿ 3 ಎಂಎಂ ತಾಮ್ರದ ಶೀಟಿಗೆ ನೇರ ತ್ರೆಡ್ ಹಾಕೋ ಪ್ರಶ್ನೆಯೇ ಇಲ್ಲ, ಸಿಲ್ವರ್ ಸೋಲ್ಡರ್ ಮಾಡಿದ ಬ್ರಾಂಜ್ ಬುಷ್ಷೇ ಇರುತ್ತೆ. ಇನ್ನೊಂದು ಕಾರಣ, ಟೇಪರ್ ಪ್ಲಗ್ ಬಿಗಿ ಮಾಡಿದಾಗ ತೂತನ್ನ ಹೊರಕ್ಕೆ ಅಗಲಿಸೋಕೆ ನೋಡುತ್ತೆ, ದಪ್ಪ ಸ್ಟೀಲ್ ಪ್ಲೇಟ್ ತಡ್ಕೊಳ್ಳುತ್ತೆ, ಸಣ್ಣ ಬುಷ್ಷಿನ ತೆಳು ಗೋಡೆ ಮತ್ತು ಅದರ ಸೋಲ್ಡರ್ ಜಾಯಿಂಟ್ ಎಷ್ಟು ದಿನ ತಡ್ಕೊಳ್ಳುತ್ತೆ?

ನನ್ನ ತೀರ್ಮಾನ ಹೇಳೋದಾದ್ರೆ: ಸ್ಟೀಲ್ ಪ್ಲೇಟ್ 10 ಎಂಎಂ ಮತ್ತು ಮೇಲೆ, ತ್ರೆಡ್ ನೇರ ಪ್ಲೇಟಲ್ಲೇ ಇದ್ರೆ ಟೇಪರ್. ಬುಷ್ ಇದ್ರೆ, ತಾಮ್ರದ ಬಾಯ್ಲರ್ ಆದ್ರೆ ಪ್ಯಾರಲಲ್ ಮತ್ತು ತಾಮ್ರದ ವಾಷರ್. ಮಧ್ಯದ್ದು, ಅಂದ್ರೆ ಟೇಪರ್ ಪ್ಲಗ್ಗನ್ನ ಪ್ಯಾರಲಲ್ ತೂತಿಗೆ ತಿರುಗಿಸೋದು, ಪ್ಲಂಬಿಂಗಲ್ಲಿ ದಿನಾ ನಡೆಯುತ್ತೆ, ಅಲ್ಲಿ ತಪ್ಪೇನಿಲ್ಲ, ಆದ್ರೆ ಇಲ್ಲಿ ಮಾಡ್ಬೇಡಿ, ಯಾಕಂದ್ರೆ ಮೇಲಿನ ಒಂದೆರಡು ತ್ರೆಡ್ ಮಾತ್ರ ಬಿಗಿಯಾಗಿ ಕೂತು ಉಳಿದಿದ್ದೆಲ್ಲಾ ಸಡಿಲವಾಗಿ ನಿಂತಿರುತ್ತೆ. ಬಿಗಿ ಆಯ್ತು ಅಂತ ಕೈಗೆ ಅನ್ಸುತ್ತೆ, ಹಿಡಿತ ಇರಲ್ಲ.

ಸ್ಟೆಪ್ 4: 55 ಮತ್ತು 60 ಡಿಗ್ರಿ ಬೆರೆಸಬೇಡಿ

ಅತಿ ಹೆಚ್ಚು ಜನ ಎಡವೋ ಜಾಗ ಇದೇ. ಬಿಎಸ್‌ಪಿಟಿ ವಿಟ್‌ವರ್ತ್ ಆಕಾರ, 55 ಡಿಗ್ರಿ, ತುದಿ ಬುಡ ಎರಡೂ ದುಂಡಗೆ. ಎನ್‌ಪಿಟಿ 60 ಡಿಗ್ರಿ, ಚಪ್ಪಟೆ ತುದಿ. ಟೇಪರ್ ಎರಡಕ್ಕೂ ಒಂದೇ, ಅದಕ್ಕೇ ಕಣ್ಣಿಗೆ ಒಂದೇ ಥರ ಕಾಣುತ್ತೆ. ಅರ್ಧ ಇಂಚು ಮತ್ತು ಮುಕ್ಕಾಲು ಇಂಚಲ್ಲಿ ಎರಡೂ 14 ಟಿಪಿಐ, ವ್ಯಾಸ ಅರ್ಧ ಇಂಚಿಗೆ 20.96 ಮತ್ತು 21.34 ಎಂಎಂ, ಅಷ್ಟೇ ವ್ಯತ್ಯಾಸ. ಹಾಗಾಗಿ ಒಂದರೊಳಗೆ ಇನ್ನೊಂದು ತಿರುಗಿ ಹೋಗೇ ಹೋಗುತ್ತೆ, ಟರ್ನರ್ ಕೂಡ "ಅಣ್ಣ, ಕೂತಿದೆ ಬಿಡಿ, ಟೇಪ್ ಸುತ್ತಿ ಹಾಕಿ" ಅಂತಾನೆ. ಕೂತಿರೋದು ಕೋನದ ತುದಿ ಮೇಲೆ, ಪಕ್ಕದ ಗೋಡೆ ಮೇಲಲ್ಲ. ತ್ರೆಡ್ ಉದ್ದಕ್ಕೂ ಸುರುಳಿಯಾಗಿ ಒಂದು ಸಂದು ಉಳಿದಿರುತ್ತೆ, ಟೇಪ್ ಅದನ್ನ ಮುಚ್ಚಿ ಇಟ್ಟಿರುತ್ತೆ ಅಷ್ಟೇ.

ಒಂದು ಇಂಚಿಗೆ ಬಂದ್ರೆ ಬಿಎಸ್‌ಪಿ 11, ಎನ್‌ಪಿಟಿ ಹನ್ನೊಂದೂವರೆ, ಇಂಚು ಉದ್ದದಲ್ಲಿ ಅರ್ಧ ತ್ರೆಡ್ ಹಿಂದೆ ಮುಂದೆ. ಇದು ಎರಡು ಮೂರು ಸುತ್ತಿಗೆ ಹಿಡ್ಕೊಳ್ಳುತ್ತೆ, ಆಮೇಲೆ ಸ್ಪ್ಯಾನರ್‌ಗೆ ಪೈಪ್ ಹಾಕಿ ಎಳೆದವರು ತೂತಿನ ತ್ರೆಡ್ ಹರಿದು ಬಿಡ್ತಾರೆ.

ಇಂಡಿಯಾದಲ್ಲಿ ಇದ್ದೀವಿ, ಹೊಸದಾಗಿ ಮಾಡ್ತಿದ್ರೆ 55 ಡಿಗ್ರಿ ಕಡೆಗೇ ಇರಿ ಅಂತ ನನ್ನ ಸಲಹೆ. ತ್ರೆಡ್ ಮೇಲೇ ಸೀಲ್ ಆಗೋ ಪೈಪ್ ತ್ರೆಡ್ಡಿಗೆ ನಮ್ಮ ದೇಶದ ಸ್ಟ್ಯಾಂಡರ್ಡ್ ಐಎಸ್ 554, ವಾಷರಲ್ಲಿ ಸೀಲ್ ಆಗೋದಕ್ಕೆ ಐಎಸ್ 2643, ಎರಡೂ ವಿಟ್‌ವರ್ತ್ ಆಕಾರವೇ. ಟ್ಯಾಪ್ ಮೈಸೂರಲ್ಲಿ ಸಿಗುತ್ತೆ, ಇಲ್ಲಾಂದ್ರೆ ಬೆಂಗಳೂರು ಎಸ್‌ಪಿ ರೋಡ್ ಇದ್ದೇ ಇದೆ. ಟ್ಯಾಪ್ ಕೊಳ್ಳುವಾಗ ಬರೀ ಬಿಎಸ್‌ಪಿ ಅಂತ ಕೇಳಿದ್ರೆ ಪ್ಯಾರಲಲ್ ಕೊಟ್ಟು ಕಳಿಸ್ತಾರೆ, ಟೇಪರ್ ಬೇಕಾದ್ರೆ ಬಿಎಸ್‌ಪಿಟಿ ಅಂತ ಒತ್ತಿ ಹೇಳಿ, ಟ್ಯಾಪಿನ ಶ್ಯಾಂಕ್ ಮೇಲೆ ಕೊರೆದಿರೋದನ್ನ ಅಲ್ಲೇ ನಿಂತು ಓದ್ಕೊಳ್ಳಿ.

ಹಳೇ ಬಾಯ್ಲರಲ್ಲಿ ಎನ್‌ಪಿಟಿನೋ 12 ಟಿಪಿಐನೋ ಇದ್ರೆ ಅದನ್ನೇ ಮುಂದುವರಿಸಿ. ಟ್ಯಾಪ್ ಸಿಗ್ತಿಲ್ಲ ಅಂತ ಇರೋ 12 ಟಿಪಿಐ ಮೇಲೆ 11 ಟಿಪಿಐ ಓಡಿಸಿದ್ರೆ ಎರಡೂ ಹಾಳು.

ಮಾಡೆಲ್ ಲೋಕೋದವರಿಗೆ

ಇಂಗ್ಲೆಂಡಿನ ಡ್ರಾಯಿಂಗ್ ಇಟ್ಕೊಂಡು ಕಟ್ಟೋರು ಜಾಸ್ತಿ, ಅದರಲ್ಲಿ 32 ಟಿಪಿಐ, 26 ಟಿಪಿಐ ಅಂತ ಬರೆದಿರುತ್ತೆ, ಆ ಟ್ಯಾಪ್ ನಮ್ಮ ಕಡೆ ಅಂಗಡಿಲಿ ಕೇಳಿದ್ರೆ ಮುಖ ನೋಡ್ತಾರೆ. ತರಿಸ್ಕೊಳ್ಳೋಕೆ ಆದ್ರೆ ತರಿಸಿ, ಇಲ್ಲಾಂದ್ರೆ ಎಂ10×1 ಮೆಟ್ರಿಕ್ ಫೈನ್ ಒಳ್ಳೇ ಬದಲಿ, ಪಿಚ್ 1 ಎಂಎಂ, 26 ಟಿಪಿಐ ಅಂದ್ರೆ 0.98 ಎಂಎಂ, ಹತ್ತಿರ ಹತ್ತಿರ ಅದೇ. ಡ್ರಿಲ್ 9 ಎಂಎಂ. 1/8 ಬಿಎಸ್‌ಪಿ ಪ್ಯಾರಲಲ್ ಕೂಡ ನಡೆಯುತ್ತೆ, 28 ಟಿಪಿಐ, ಡ್ರಿಲ್ 8.8 ಎಂಎಂ. ಕಾಲು ಇಂಚು ಬಿಎಸ್‌ಪಿ 19 ಟಿಪಿಐ, ಡ್ರಿಲ್ 11.8, ಇದು 5 ಇಂಚು ಗೇಜಿಗೆ ಚೆನ್ನಾಗಿರುತ್ತೆ, ತೂತು ದೊಡ್ಡದಿರೋದ್ರಿಂದ ಒಳಗೆ ನೀರಿನ ನಳಿಕೆ ಆರಾಮಾಗಿ ಹೋಗುತ್ತೆ. ಸಣ್ಣ ತೂತು ಇಟ್ಟು ತೊಳೆಯೋಕೇ ಆಗದಿದ್ರೆ ಆ ಪ್ಲಗ್ ಯಾಕೆ ಹೇಳಿ. ಒಂದು ನೆನಪಿರಲಿ, ತ್ರೆಡ್ ಬದಲಾಯಿಸೋ ನಿರ್ಧಾರ ಬುಷ್ ಮಾಡೋ ಮುಂಚೆ, ಬಾಯ್ಲರಿಗೆ ಸೋಲ್ಡರ್ ಆದ ಮೇಲೆ ಅಲ್ಲ.

ಸ್ಟೆಪ್ 5: ಪ್ಲಗ್ ಯಾವ ಲೋಹ

ಗನ್‌ಮೆಟಲ್ ಅಥವಾ ಫಾಸ್ಫರ್ ಬ್ರಾಂಜ್. ಸ್ಟೀಲ್ ಪ್ಲೇಟಿಗಿಂತ ಮೆತ್ತಗಿರೋದ್ರಿಂದ ಸವೆಯೋದು ಪ್ಲಗ್, ಉಳಿಯೋದು ಪ್ಲೇಟ್, ನಮಗೆ ಬೇಕಾಗಿದ್ದೂ ಅದೇ. ತುಕ್ಕು ಹಿಡಿದು ಕಚ್ಕೊಳ್ಳೋದೂ ಇಲ್ಲ. ಸ್ಟೀಲ್ ಪ್ಲಗ್ ಹಾಕಿ ನಮ್ಮ ಕೊಡಗಿನ ಒಂದು ಮಳೆಗಾಲ ಶೆಡ್ಡಲ್ಲಿ ಬಿಟ್ಟು ನೋಡಿ, ತುಲಾ ಸಂಕ್ರಮಣದ ಹೊತ್ತಿಗೆ ಪ್ಲಗ್ ಯಾವುದು ಪ್ಲೇಟ್ ಯಾವುದು ಗೊತ್ತಾಗಲ್ಲ.

ಹಿತ್ತಾಳೆ ರಾಡ್ ಸುಲಭಕ್ಕೆ ಸಿಗುತ್ತೆ, ಲೇತಲ್ಲಿ ಬೆಣ್ಣೆ ಥರ ಕಟ್ ಆಗುತ್ತೆ, ಆಸೆಯಾಗುತ್ತೆ. ಆದ್ರೆ ಬಾಯ್ಲರ್ ನೀರಲ್ಲಿ ಹಿತ್ತಾಳೆಯೊಳಗಿನ ಸತು ಕರಗಿ ಹೋಗಿ ಉಳಿದಿದ್ದು ರಂಧ್ರ ರಂಧ್ರದ ಕೆಂಪು ತಾಮ್ರ ಆಗುತ್ತೆ, ಹೊರಗಿಂದ ಆಕಾರ ಹಾಗೇ ಇರುತ್ತೆ, ಬಲ ಇರಲ್ಲ. ಮಾಡೆಲ್ ಬಾಯ್ಲರಿನ ಬುಷ್ಷಿಗಂತೂ ಹಿತ್ತಾಳೆ ಬೇಡವೇ ಬೇಡ.

ಹಾರ್ಡ್‌ವೇರ್ ಅಂಗಡಿಯ ಜಿಐ ಪ್ಲಗ್ ನೀರಿನ ಟ್ಯಾಂಕಿಗೆ. ಹೈಡ್ರಾಲಿಕ್ ಅಂಗಡಿಲಿ ಸಿಗೋ ಚೆಂದದ ಪ್ಲಗ್ಗಿಗೆ ಬರೋ ಡೌಟಿ ವಾಷರಲ್ಲಿ ಸಾಮಾನ್ಯವಾಗಿ ನೈಟ್ರೈಲ್ ರಬ್ಬರ್ ಇರುತ್ತೆ, ಅದು 100 ಡಿಗ್ರಿ ಆಸುಪಾಸಿಗೆ ಸುಸ್ತಾಗುತ್ತೆ, 7 ಬಾರ್ ಪ್ರೆಶರಲ್ಲೇ ಬಾಯ್ಲರ್ ನೀರು 170 ಡಿಗ್ರಿ ಇರುತ್ತೆ, ಲೆಕ್ಕ ನೀವೇ ಹಾಕಿ.

ಸ್ಟೆಪ್ 6: ಲೇತ್ ಮೇಲೆ

ಟೇಪರ್ ಟರ್ನಿಂಗ್ ಅಟ್ಯಾಚ್‌ಮೆಂಟ್ ಇದ್ರೆ ಅದೇ ಒಳ್ಳೇದು, ಅರ್ಧ ಕೋನ 1 ಡಿಗ್ರಿ 47 ಮಿನಿಟ್ ಇಡಿ. ಇಲ್ಲದಿದ್ರೆ ಎರಡು ಸೆಂಟರ್ ಮಧ್ಯೆ ಜಾಬ್ ಹಿಡಿದು ಟೇಲ್‌ಸ್ಟಾಕ್ ಸರಿಸಿ. ಸರಿಸೋ ಅಳತೆ ಜಾಬಿನ ಪೂರ್ತಿ ಉದ್ದವನ್ನ 32ರಿಂದ ಭಾಗಿಸಿದಷ್ಟು, 160 ಎಂಎಂ ಜಾಬ್ ಆದ್ರೆ 5 ಎಂಎಂ. ಹಾಗಾಗಿ ಪ್ಲಗ್ಗನ್ನ ಉದ್ದ ರಾಡಲ್ಲೇ ಮಾಡಿ ಆಮೇಲೆ ಕತ್ತರಿಸ್ಕೊಳ್ಳಿ, ಎರಡು ಮೂರು ಪ್ಲಗ್ ಒಂದೇ ಸೆಟ್ಟಿಂಗಲ್ಲಿ ಆಗುತ್ತೆ. ತ್ರೆಡ್ ಟೂಲನ್ನ ರಾಡಿನ ಅಕ್ಷಕ್ಕೆ ಲಂಬವಾಗಿ ಇಡ್ಬೇಕು, ಟೇಪರ್ ಇಳಿಜಾರಿಗೆ ಲಂಬವಾಗಿ ಅಲ್ಲ. ಇದನ್ನ ಒಳ್ಳೊಳ್ಳೆ ಟರ್ನರ್‌ಗಳೂ ಮರೀತಾರೆ, ಸೆಂಟರ್ ಗೇಜನ್ನ ಟೇಪರ್ ಮೈಗೇ ಒತ್ತಿ ಟೂಲ್ ಸೆಟ್ ಮಾಡಿಬಿಡ್ತಾರೆ.

ತೂತಿಗೆ ಟ್ಯಾಪ್ ಹಾಕುವಾಗ ಮೊದ್ಲು ಟೇಪರ್ ರೀಮರ್ ಹಾಕಿ, ಆಮೇಲೆ ಟ್ಯಾಪ್. ನೇರ ಡ್ರಿಲ್ ತೂತಿಗೆ ಟೇಪರ್ ಟ್ಯಾಪ್ ತುರುಕಿದ್ರೆ ಹೊರಬಾಯಲ್ಲಿ ವಿಪರೀತ ಲೋಡ್ ಬಿದ್ದು ತ್ರೆಡ್ ಹರಿಯುತ್ತೆ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ, ಕಟಿಂಗ್ ಆಯಿಲ್ ಧಾರಾಳ. ಮಧ್ಯೆ ಮಧ್ಯೆ ಟ್ಯಾಪ್ ತೆಗೆದು ನಿಜವಾದ ಪ್ಲಗ್ಗನ್ನೇ ಕೈಯಲ್ಲಿ ತಿರುಗಿಸಿ ನೋಡಿ. ಬರೀ ಕೈಯಲ್ಲಿ ಬಿಗಿಯಾದಾಗ ಎರಡು ಮೂರು ತ್ರೆಡ್ ಹೊರಗೆ ಉಳಿದಿರ್ಬೇಕು, ಸ್ಪ್ಯಾನರ್ ಹಾಕಿದ ಮೇಲೂ ತಲೆ ಮತ್ತು ಪ್ಲೇಟ್ ಮಧ್ಯೆ ಸಂದು ಕಾಣ್ತಿರ್ಬೇಕು. ಟೇಪರ್ ಪ್ಲಗ್ಗಿನ ತಲೆ ಪ್ಲೇಟಿಗೆ ತಾಗಿತು ಅಂದ್ರೆ ಅದು ತಲೆ ಮೇಲೆ ನಿಂತಿದೆ, ತ್ರೆಡ್ ಮೇಲಲ್ಲ, ಆ ಪ್ಲಗ್ ಬದಲಾಯಿಸಿ. ಪ್ಯಾರಲಲ್ ಪ್ಲಗ್ಗಿಗೆ ಇದರ ಉಲ್ಟಾ, ತಲೆ ವಾಷರ್ ಮೇಲೆ ಪೂರ್ತಿ ಕೂರಲೇಬೇಕು.

ಒಳತುದಿಯನ್ನೂ ನೋಡಿ. ಪ್ಲಗ್ ಪ್ಲೇಟಿನ ಒಳಮೈಗೆ ಸರಿಸಮ ಬರೋ ಹಾಗೆ ಉದ್ದ ಇಡಿ. ಜಾಸ್ತಿ ಒಳಗೆ ಚಾಚಿದ್ರೆ ಆ ತ್ರೆಡ್ ಮೇಲೆ ಸ್ಕೇಲ್ ಕಟ್ಟಿ ಬಿಚ್ಚುವಾಗ ಪ್ಲೇಟಿನ ತ್ರೆಡ್ಡನ್ನೇ ಕೆರೆದುಕೊಂಡು ಬರುತ್ತೆ. ಕಮ್ಮಿಯಾದ್ರೆ ತೂತಿನ ಒಳ ತ್ರೆಡ್ ಬರಿದಾಗಿ ಉಳಿದು ಅಲ್ಲಿ ಸ್ಕೇಲ್ ತುಂಬಿ, ಮುಂದೆ ಪ್ಲಗ್ ಆಳಕ್ಕೆ ಹೋಗ್ಬೇಕಾದಾಗ ದಾರಿ ಇರಲ್ಲ.

ಸ್ಟೆಪ್ 7: ಹಾಕೋದು, ಬಿಚ್ಚೋದು

ಪ್ರತಿ ತೂತಿಗೂ ಒಂದು ನಂಬರ್, ಅದೇ ನಂಬರ್ ಪ್ಲಗ್ ತಲೆ ಮೇಲೆ ಪಂಚ್ ಮಾಡಿ. ಟೇಪರ್ ಪ್ಲಗ್ ಒಂದು ತೂತಿಗೆ ಹೊಂದಿಕೊಂಡ ಮೇಲೆ ಅದು ಆ ತೂತಿಂದೇ, ಬಕೆಟ್ಟಿಗೆ ಎಲ್ಲಾ ಹಾಕಿ ಕಲೆಸಿ ಸಿಕ್ಕಿದ್ದು ಸಿಕ್ಕಿದ ಕಡೆ ಹಾಕೋದು ಸೋರಿಕೆಗೆ ಕರೆದು ಊಟ ಹಾಕಿದ ಹಾಗೆ.

ತ್ರೆಡ್ಡಿಗೆ ಗ್ರಾಫೈಟ್ ಮತ್ತು ಎಣ್ಣೆ ಕಲಸಿದ ಪೇಸ್ಟ್ ತೆಳ್ಳಗೆ ಸವರಿ. ಟೆಫ್ಲಾನ್ ಟೇಪ್ ಈ ಶಾಖ ತಡ್ಕೊಳ್ಳುತ್ತೆ ನಿಜ, ಆದ್ರೂ ನನಗೆ ಇಷ್ಟ ಇಲ್ಲ, ಕೆಟ್ಟ ತ್ರೆಡ್ಡನ್ನ ಒಳ್ಳೇದು ಅಂತ ತೋರಿಸುತ್ತೆ, ಜಾರು ಜಾಸ್ತಿ ಆಗಿ ಬೇಕಾದ್ದಕ್ಕಿಂತ ಬಿಗಿ ಮಾಡಿಸುತ್ತೆ, ಅದರ ಚಿಂದಿ ಒಳಗೆ ಬಿದ್ದು ನೀರು ತುಂಬೋ ಇಂಜೆಕ್ಟರ್ ಕಡೆನೋ ವಾಟರ್ ಗ್ಲಾಸ್ ಕಡೆನೋ ಹೋಗುತ್ತೆ. ತಾಮ್ರದ ವಾಷರ್ ಹಳೇದಾದ್ರೆ ಗಟ್ಟಿಯಾಗಿರುತ್ತೆ, ಮಂದ ಕೆಂಪು ಬರೋವರೆಗೆ ಕಾಯಿಸಿ ನೀರಿಗೆ ಅದ್ದಿದ್ರೆ ಮತ್ತೆ ಮೆತ್ತಗಾಗುತ್ತೆ.

ಬಿಗಿ ಮಾಡೋದು ಬಾಯ್ಲರ್ ತಣ್ಣಗಿದ್ದಾಗ ಮಾತ್ರ. ಸ್ಟೀಮ್ ಎದ್ದ ಮೇಲೆ ಯಾವುದೋ ಪ್ಲಗ್ ಸಣ್ಣಗೆ ಜಿನುಗ್ತಿದೆ, ಒಂದು ಕಾಲು ಸುತ್ತು ಕೊಟ್ಟುಬಿಡೋಣ ಅಂತ ಸ್ಪ್ಯಾನರ್ ಹಿಡಿಯೋ ಕೈಯನ್ನ ತಡೀರಿ. ಜಿನುಗ್ತಿರೋದಕ್ಕೆ ಕಾರಣ ಹರಿದ ತ್ರೆಡ್ ಆಗಿದ್ರೆ ಆ ಕಾಲು ಸುತ್ತೇ ಕೊನೆ ಸುತ್ತು, ಪ್ಲಗ್ ಹಾರಿ ಕುದಿನೀರು ಎದುರಿಗಿರೋರ ಮೇಲೆ ಬರುತ್ತೆ, ಹೊರಗೆ ಬಂದ ಕ್ಷಣದಲ್ಲೇ ಅದರಲ್ಲಿ ಒಂದು ಪಾಲು ಆವಿಯಾಗಿ ಉಬ್ಬುತ್ತೆ. ಬೆಂಕಿ ತೆಗೀರಿ, ಪ್ರೆಶರ್ ಸೊನ್ನೆಗೆ ಬರ್ಲಿ, ತಣ್ಣಗಾಗ್ಲಿ, ಆಮೇಲೆ ಬಿಚ್ಚಿ ನೋಡಿ. ಬಿಚ್ಚುವಾಗಲೂ ಗೇಜ್ ಸೊನ್ನೆ ತೋರಿಸ್ತಿದೆ ಅಂತ ನಂಬ್ಕೋಬೇಡಿ, ಮೇಲಿನ ಒಂದು ಕಾಕ್ ತೆರೆದಿಟ್ಟು ಗಾಳಿ ಆಡ್ತಿರೋದು ಖಾತ್ರಿ ಮಾಡ್ಕೊಂಡೇ ಕೆಳಗಿನ ಪ್ಲಗ್ಗಿಗೆ ಕೈ ಹಾಕಿ.

ಹೊಸ ತ್ರೆಡ್ ಹಾಕಿದ ಮೇಲೆ ನೇರ ಬೆಂಕಿ ಹಾಕ್ಬೇಡಿ, ಮೊದ್ಲು ತಣ್ಣೀರಲ್ಲಿ ಹೈಡ್ರಾಲಿಕ್ ಟೆಸ್ಟ್. ಬಾಯ್ಲರ್ ಪೂರ್ತಿ ನೀರು ತುಂಬಿ, ಗಾಳಿ ಒಂದು ಗುಳ್ಳೆಯೂ ಉಳೀದ ಹಾಗೆ ಹೊರಗೆ ಬಿಟ್ಟು, ಕೈಪಂಪಲ್ಲಿ ನಿಧಾನಕ್ಕೆ ಏರಿಸಿ. ಮಾಡೆಲ್ ಬಾಯ್ಲರಿಗೆ ಹೊಸದಾದಾಗ ಕೆಲಸದ ಪ್ರೆಶರಿನ ಎರಡರಷ್ಟು, ಆಮೇಲಿನ ಟೆಸ್ಟಿಗೆ ಒಂದೂವರೆಯಷ್ಟು ರೂಢಿ. ಪ್ಲಗ್ ಸುತ್ತ ಸೀಮೆಸುಣ್ಣ ಉಜ್ಜಿಟ್ರೆ ಒಂದು ಹನಿ ಜಿನುಗಿದ್ರೂ ಕಪ್ಪಗೆ ಕಾಣುತ್ತೆ.

ಕಾನೂನಿನ ವಿಷಯ

25 ಲೀಟರಿಗಿಂತ ಜಾಸ್ತಿ ಹಿಡಿಯೋ, ಪ್ರೆಶರಲ್ಲಿ ಆವಿ ಮಾಡೋ ಬಾಯ್ಲರ್ ಕಾನೂನಿನ ಲೆಕ್ಕಕ್ಕೆ ಬರುತ್ತೆ. 1923ರ ಹಳೇ ಇಂಡಿಯನ್ ಬಾಯ್ಲರ್ಸ್ ಆಕ್ಟ್ ಜಾಗಕ್ಕೆ ಈಗ 2025ರ ಬಾಯ್ಲರ್ಸ್ ಆಕ್ಟ್ ಬಂದಿದೆ. ನಮ್ಮ ರಾಜ್ಯದಲ್ಲಿ ನೋಡ್ಕೊಳ್ಳೋದು ಕಾರ್ಖಾನೆ, ಬಾಯ್ಲರ್ ಇಲಾಖೆಯವರು. ಸಣ್ಣ ಮಾಡೆಲ್ ಬಾಯ್ಲರ್ ಸಾಮಾನ್ಯವಾಗಿ ಆ ಅಳತೆ ಒಳಗೇ ಇರುತ್ತೆ, ಹಳೇ ಪೋರ್ಟಬಲ್ ಎಂಜಿನ್ ಖಂಡಿತ ಇರಲ್ಲ. ಅಂಥದ್ದು ಕೈಗೆ ಸಿಕ್ಕಿದ್ರೆ ಒಂದು ಪ್ಲಗ್ ತೂತಿಗೆ ಟ್ಯಾಪ್ ಹಾಕೋದೂ ರಿಪೇರಿ ಅಂತಲೇ ಲೆಕ್ಕ ಇಟ್ಕೊಂಡು, ಟೂಲ್ ಎತ್ತೋ ಮುಂಚೆ ಇನ್ಸ್‌ಪೆಕ್ಟರ್ ಹತ್ರ ಮಾತಾಡಿ. ಆಗ ಕೈಯಲ್ಲಿ ತೂತಿನ ನಂಬರ್, ಈಗಿರೋ ತ್ರೆಡ್, ಪ್ಲೇಟ್ ದಪ್ಪ, ಹಿಡಿತಕ್ಕೆ ಸಿಗೋ ತ್ರೆಡ್ ಎಷ್ಟು, ಹೊಸ ಪ್ಲಗ್ ಯಾವ ಲೋಹ ಅಂತ ಬರೆದ ಒಂದು ಹಾಳೆ, ಜೊತೆಗೆ ಎಂ-ಸೀಲಲ್ಲಿ ತೆಗೆದ ಅಚ್ಚು ಇದ್ರೆ ಮಾತು ಬೇಗ ಮುಗಿಯುತ್ತೆ.